ಕ್ರೈಸ್ತ ವಿದ್ಯಾರ್ಥಿ ಚಳವಳಿ ಮತ್ತು ಸಾಮಾಜಿಕ ನ್ಯಾಯ: ಕರ್ನಾಟಕದಿಂದ ಒಂದು ಚಾರಿತ್ರಿಕ ನೋಟ

ಕಾಲೇಜು ವಿದ್ಯಾರ್ಥಿಗಳ ಚಳವಳಿಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ದಾಖಲೆಗಳದ್ದು. ಧರ್ಮಕೇಂದ್ರಕ್ಕೆ ಜ್ಞಾನಸ್ನಾನದ ಪುಸ್ತಕವಿದೆ; ಸನ್ಯಾಸ ಸಭೆಗೆ ಮನೆಯ ದಿನಚರಿಯಿದೆ; ಧರ್ಮಕ್ಷೇತ್ರಕ್ಕೆ ಕಚೇರಿಯೂ ಕಡತಗಳೂ ಇವೆ. ವಿದ್ಯಾರ್ಥಿಗಳ ಸಂಘಕ್ಕೆ ಸಾಮಾನ್ಯವಾಗಿ ಇವು ಯಾವುವೂ ಇರುವುದಿಲ್ಲ. ಪದವಿ ತರಗತಿಯ ಆಯುಸ್ಸು ಮೂರು ವರ್ಷ. ಮೊದಲ ವರ್ಷ ವಿದ್ಯಾರ್ಥಿಯು ಸಂಘವನ್ನು ಅರಿಯುತ್ತಾನೆ, ಎರಡನೆಯ ವರ್ಷ ಅದರಲ್ಲಿ ದುಡಿಯುತ್ತಾನೆ, ಮೂರನೆಯ ವರ್ಷ ಅದನ್ನು ಮುನ್ನಡೆಸುತ್ತಾನೆ, ನಾಲ್ಕನೆಯ ವರ್ಷ ಆತ ಅಲ್ಲಿರುವುದಿಲ್ಲ. ಒಂದು ತಲೆಮಾರು ಇಷ್ಟು ಬೇಗ ಸರಿದುಹೋಗುವ ಸಮುದಾಯ ಧರ್ಮಸಭೆಯಲ್ಲಿ ಬೇರೊಂದಿಲ್ಲ.

ಹಾಗಿದ್ದೂ ಕಳೆದ ಒಂದು ಶತಮಾನದಲ್ಲಿ ಭಾರತದ ಧರ್ಮಸಭೆಯು ನ್ಯಾಯದ ಬಗ್ಗೆ ಕಲಿತ ಪಾಠಗಳಲ್ಲಿ ಹಲವು ಮೊದಲು ಚರ್ಚೆಯಾದದ್ದು ಇಂಥ ಅಲ್ಪಾಯು ಸಂಘಗಳಲ್ಲಿಯೇ. ಆ ಕಲಿಕೆಯ ಮುಖ್ಯ ಘಟ್ಟಗಳಲ್ಲಿ ಕೆಲವು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ನಡೆದವು. ಅವುಗಳನ್ನು ಕ್ರಮವಾಗಿ ನೆನೆದು, ವಿದ್ಯಾರ್ಥಿಗಳು ಬಂದು ಹೋಗುತ್ತಿದ್ದರೂ ಚಳವಳಿ ಉಳಿದದ್ದು ಹೇಗೆ, ಅದನ್ನು ಉಳಿಸುವ ಹೊಣೆ ಯಾರದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಾಳೆ ಕಾಲೇಜು ಇರುವ ಊರುಗಳ ಧರ್ಮಕೇಂದ್ರಗಳಿಗೆ ಹೋಗಲಿರುವ ಗುರುಅಭ್ಯರ್ಥಿಗಳಿಗೆ ಇದು ಕೇವಲ ಚರಿತ್ರೆಯ ಪ್ರಶ್ನೆಯಲ್ಲ.

ಪ್ರಾರ್ಥನೆ ಮತ್ತು ಅಧ್ಯಯನ

ಈ ಚರಿತ್ರೆಯಲ್ಲಿ ಎರಡು ಹೊಳೆಗಳಿವೆ. ಮೊದಲನೆಯದು ಪ್ರೊಟೆಸ್ಟೆಂಟ್ ಸಭೆಗಳದ್ದು. 1895ರಲ್ಲಿ ಸ್ವೀಡನ್ ದೇಶದ ವಾಡ್‌ಸ್ಟೆನಾ ಎಂಬಲ್ಲಿ ಜಾನ್ ಮಾಟ್ ಮೊದಲಾದವರು ಸೇರಿ ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟವನ್ನು ಸ್ಥಾಪಿಸಿದರು. 1912ರಲ್ಲಿ ಅದರ ಕೊಂಬೆಯಾಗಿ ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್, ಅಂದರೆ ಎಸ್.ಸಿ.ಎಂ., ಹುಟ್ಟಿತು. ಅದರ ಕೇಂದ್ರ ಕಚೇರಿ ಇಂದು ಬೆಂಗಳೂರಿನ ಮಿಷನ್ ರಸ್ತೆಯಲ್ಲಿದೆ. ಎರಡನೆಯದು ಕಥೋಲಿಕ ಹೊಳೆ. ಕಥೋಲಿಕ ವಿದ್ಯಾರ್ಥಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಪಾಕ್ಸ್ ರೊಮಾನ 1921ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೀಬುರ್ಗ್‌ನಲ್ಲಿ ರೂಪುಗೊಂಡಿತು. ಭಾರತದಲ್ಲಿ 1924ರಲ್ಲಿ ಯೇಸುಸಭೆಯ ಫ್ರೆಂಚ್ ಗುರು ಪಿಯೆರ್ ಕಾರ್ಟಿ ಅವರು ಆರಂಭಿಸಿದ ಯುವಕರ ಕೂಟವೇ ಮುಂದೆ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟವಾಗಿ ಬೆಳೆಯಿತು. ಐಕಫ್ ಎಂಬ ಹೆಸರಿನಿಂದಲೇ ನಮ್ಮ ಕಾಲೇಜುಗಳಲ್ಲಿ ಅದು ಪರಿಚಿತ. 2024ಕ್ಕೆ ಅದಕ್ಕೆ ನೂರು ವರ್ಷ ತುಂಬಿತು.

ಆ ಹೊತ್ತಿಗೆ ಕರ್ನಾಟಕದಲ್ಲಿ ಇಂಥ ಸಂಘಗಳು ನೆಲೆಯೂರಬಲ್ಲ ಕಾಲೇಜುಗಳಿದ್ದವು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರದ್ದು, ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರದ್ದು. 1921ರಲ್ಲಿ ಮಂಗಳೂರಿನ ಸಂತ ಆಗ್ನೆಸ್ ಕಾಲೇಜು ಆರಂಭವಾಗಿ ಕರಾವಳಿಯ ಹೆಣ್ಣುಮಕ್ಕಳಿಗೂ ಪದವಿ ಶಿಕ್ಷಣದ ಬಾಗಿಲು ತೆರೆದಿತ್ತು. ವಿಶ್ವವಿದ್ಯಾಲಯದ ಹೊಸ ವಿಚಾರಗಳ ಗಾಳಿಯಲ್ಲಿ ಅಲ್ಪಸಂಖ್ಯಾತ ಸಮುದಾಯದ ಯುವಕರ ವಿಶ್ವಾಸ ನಂದಿಹೋಗದಂತೆ ಕಾಯುವುದು ಮೊದಲ ಕಾಲದ ಸಂಘಗಳ ಕಾಳಜಿಯಾಗಿತ್ತು. ಧ್ಯಾನಕೂಟ, ಶುಭಸಂದೇಶದ ಅಧ್ಯಯನ, ಉಪನ್ಯಾಸ, ಚರ್ಚಾಕೂಟ ಇವು ಅವುಗಳ ನಿತ್ಯದ ಆಹಾರ.

ಇಂದಿನ ಸಾಮಾಜಿಕ ಕಾರ್ಯಕರ್ತರಿಗೆ ಈ ಆರಂಭ ಸಂಕುಚಿತವಾಗಿ ಕಾಣಬಹುದು. ಆದರೆ ಅದನ್ನು ಹಗುರವಾಗಿ ನೋಡುವುದು ನ್ಯಾಯವಲ್ಲ. ಒಂದು ಗ್ರಂಥವನ್ನು ನಾಲ್ಕು ಜನ ಸೇರಿ ಓದುವ, ಒಂದು ಪ್ರಶ್ನೆಯನ್ನು ವಾರವಿಡೀ ಹೊತ್ತು ತಿರುಗುವ, ಮೌನದಲ್ಲಿ ಕೂರುವ ಅಭ್ಯಾಸ ಬೆಳೆದದ್ದು ಈ ಕೂಟಗಳಲ್ಲಿ. ಮುಂದೆ ಬೀದಿಗಿಳಿದ ಪೀಳಿಗೆಗೆ ಈ ಅಭ್ಯಾಸವೇ ಬುತ್ತಿಯಾಯಿತು.

ಮೈಸೂರು, 1928

1928ರ ಡಿಸೆಂಬರ್‌ನಲ್ಲಿ ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟದ ಮಹಾಸಮಿತಿ ಮೈಸೂರಿನಲ್ಲಿ ಸಭೆ ಸೇರಿತು. ಯುರೋಪ್ ಮತ್ತು ಅಮೆರಿಕದಲ್ಲಿ ಹುಟ್ಟಿ ಬೆಳೆದ ಒಂದು ಚಳವಳಿ ಅರಸರ ಮೈಸೂರಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಸೈಮನ್ ಆಯೋಗವನ್ನು ದೇಶವೇ ತಿರಸ್ಕರಿಸಿದ್ದ ವರ್ಷವದು. ಲಾಹೋರಿನಲ್ಲಿ ಲಾಠಿ ಏಟು ತಿಂದ ಲಾಲಾ ಲಜಪತ್ ರಾಯ್ ತೀರಿಕೊಂಡು ಒಂದು ತಿಂಗಳಷ್ಟೇ ಆಗಿತ್ತು. ಅಂಥ ಹೊತ್ತಿನಲ್ಲಿ ಆಳುವ ದೇಶಗಳ ವಿದ್ಯಾರ್ಥಿಗಳು ಆಳಿಸಿಕೊಳ್ಳುವ ದೇಶದ ನೆಲದಲ್ಲಿ ಕುಳಿತು ಪ್ರಾರ್ಥಿಸಬೇಕಾಯಿತು. ರಾಷ್ಟ್ರೀಯತೆ, ಜನಾಂಗಗಳ ಸಂಬಂಧ, ಇತರ ಧರ್ಮಗಳ ಜೊತೆಗಿನ ನಡವಳಿಕೆ ಇವು ಪುಸ್ತಕದ ವಿಷಯಗಳಾಗಿ ಮಾತ್ರ ಉಳಿಯುವುದು ಅಲ್ಲಿ ಸಾಧ್ಯವಿರಲಿಲ್ಲ. ಪಕ್ಕದಲ್ಲಿ ಕುಳಿತವನ ಮುಖವೇ ಪ್ರಶ್ನೆಯಾಗಿತ್ತು.

ಅದೇ 1928ರಲ್ಲಿ ಮೈಸೂರು ಸಂಸ್ಥಾನ ಇನ್ನೊಂದು ವಿದ್ಯಾರ್ಥಿ ಪ್ರಕರಣವನ್ನೂ ಕಂಡಿತ್ತು. ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯ ಗಣಪತಿಯ ವಿಷಯದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಅದು ಹಿಂದೂ ಮುಸ್ಲಿಂ ಗಲಭೆಯಾಗಿ ಬೆಳೆಯಿತು. ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಬೇಕಾಯಿತು. ಈ ಎರಡು ಘಟನೆಗಳಿಗೆ ನೇರ ಸಂಬಂಧವಿಲ್ಲ. ಆದರೂ ಜೊತೆಯಲ್ಲಿಟ್ಟು ನೋಡಿದಾಗ ಒಂದು ವಿವೇಕ ಹೊಳೆಯುತ್ತದೆ. ಧಾರ್ಮಿಕ ಶ್ರದ್ಧೆಯಿಂದ ಯುವಕರು ಬೀದಿಗಿಳಿದ ಮಾತ್ರಕ್ಕೆ ಅದು ನ್ಯಾಯದ ಹೋರಾಟ ಆಗುವುದಿಲ್ಲ. ಯಾವ ಧರ್ಮದವರಿಗೂ ಈ ಮಾತು ಸಲ್ಲುತ್ತದೆ, ನಮಗೂ ಸಲ್ಲುತ್ತದೆ. ತನ್ನ ಸಮುದಾಯದ ಮಾನಕ್ಕಾಗಿ ಎದ್ದ ಕೂಗು ಬೇರೆ, ತನ್ನವನಲ್ಲದವನ ಹಕ್ಕಿಗಾಗಿ ಎದ್ದ ಕೂಗು ಬೇರೆ. ಶುಭಸಂದೇಶದ ಸಮಾರಿಯದವನು ಗಾಯಗೊಂಡವನ ಕುಲವನ್ನು ಕೇಳಲಿಲ್ಲ. ವಿಶ್ವಾಸದಿಂದ ಹುಟ್ಟಿದ ನ್ಯಾಯಕಾರ್ಯವನ್ನು ಅಳೆಯುವ ಮೊದಲ ಮಾನದಂಡ ಇದೇ.

ಕಾರ್ಡಿನ್ನರ ಮೂರು ಹೆಜ್ಜೆಗಳು

ಶ್ರದ್ಧೆಯಿಂದ ಕ್ರಿಯೆಗೆ ಹೋಗುವ ದಾರಿಯಲ್ಲಿ ವಿವೇಚನೆ ಹೇಗೆ ಸಾಧ್ಯ? ಈ ಪ್ರಶ್ನೆಗೆ ಕಥೋಲಿಕ ಯುವಜನರಿಗೆ ದೊರೆತ ಉತ್ತರ ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡಿನ್ ಅವರದ್ದು. 1882ರಲ್ಲಿ ಹುಟ್ಟಿದ ಅವರು ಕಾರ್ಮಿಕ ಕುಟುಂಬದವರು. ಕಿರಿಯ ಗುರುಮಠದಿಂದ ರಜೆಗೆ ಊರಿಗೆ ಬಂದಾಗ, ಹಿಂದೆ ಜೊತೆಯಲ್ಲಿ ಆಡಿದ್ದ ಗೆಳೆಯರು ಕಾರ್ಖಾನೆ ಸೇರಿದ್ದರು. ಗುರುವಾಗಹೊರಟ ಈತನನ್ನು ಅವರು ತಮ್ಮವನೆಂದು ನೋಡಲಿಲ್ಲ. ಆ ನೋಟ ಕಾರ್ಡಿನ್ನರನ್ನು ಬದುಕಿನುದ್ದಕ್ಕೂ ಬಿಡಲಿಲ್ಲ. 1925ರಲ್ಲಿ ಅವರು ಯುವ ಕ್ರೈಸ್ತ ಕಾರ್ಮಿಕರ ಸಂಘವನ್ನು ಕಟ್ಟಿದರು. ಅದೇ ಮಾದರಿಯಲ್ಲಿ ಯುವ ಕ್ರೈಸ್ತ ವಿದ್ಯಾರ್ಥಿಗಳ ಸಂಘಗಳೂ ಬೆಳೆದವು.

ಅವರ ವಿಧಾನ ಮೂರು ಮಾತುಗಳಲ್ಲಿ ಅಡಗಿದೆ: ಕಾಣು, ವಿವೇಚಿಸು, ಕಾರ್ಯಗೈ. ಮೊದಲು ಕಣ್ಣಾರೆ ಕಂಡ ಸಂಗತಿಯನ್ನು ಇದ್ದಂತೆ ಹೇಳಬೇಕು: ಯಾರಿಗೆ ಎಷ್ಟು ಕೂಲಿ, ಎಷ್ಟು ಗಂಟೆಯ ದುಡಿಮೆ, ಯಾವ ಮನೆಯಲ್ಲಿ ಎಷ್ಟು ಜನ. ಬಳಿಕ ಅದನ್ನು ಶುಭಸಂದೇಶದ ಬೆಳಕಿನಲ್ಲಿಟ್ಟು ತೂಗಬೇಕು. ಕೊನೆಗೆ ತನ್ನ ಕೈಲಾದ ಒಂದು ಹೆಜ್ಜೆಯನ್ನು ನಿಜವಾಗಿ ಇಡಬೇಕು. 1961ರ ಮೇ 15ರಂದು ವಿಶ್ವಗುರು 23ನೆಯ ಜಾನ್ ಪ್ರಕಟಿಸಿದ 'ಮಾತೆರ್ ಎತ್ ಮಜಿಸ್ತ್ರಾ' ವಿಶ್ವಪತ್ರ ಈ ವಿಧಾನವನ್ನು ಹೆಸರಿಸಿ ಎತ್ತಿಹಿಡಿಯಿತು. ಕೂಲಿ ಹುಡುಗರ ನಡುವೆ ಹುಟ್ಟಿದ ಒಂದು ಅಭ್ಯಾಸವು ಧರ್ಮಸಭೆಯ ಅಧಿಕೃತ ಬೋಧನೆಯಾಯಿತು. 1965ರಲ್ಲಿ ಕಾರ್ಡಿನ್ ಕಾರ್ಡಿನಲ್ ಪದವಿಗೇರಿದರು, 1967ರಲ್ಲಿ ತೀರಿಕೊಂಡರು.

ದೈವಶಾಸ್ತ್ರದ ವಿದ್ಯಾರ್ಥಿಗೆ ಈ ಮೂರು ಹೆಜ್ಜೆಗಳು ಹೊಸವೆನಿಸಬಾರದು. ವಿಮೋಚನಾಕಾಂಡದ ಮೂರನೆಯ ಅಧ್ಯಾಯದಲ್ಲಿ ದೇವರು ಮೋಶೆಯೊಡನೆ ಮಾತಾಡುವ ಕ್ರಮವೂ ಇಂಥದ್ದೇ. ದೇವರು ತನ್ನ ಜನರ ಸಂಕಟವನ್ನು ಕಾಣುತ್ತಾನೆ, ಕೂಗನ್ನು ಕೇಳುತ್ತಾನೆ, ಇಳಿದು ಬರುತ್ತಾನೆ. ಆಮೇಲೆ ಮೋಶೆಯನ್ನು ಕಳುಹಿಸುತ್ತಾನೆ. ಕಾಣುವ ಮೊದಲೇ ಕಳುಹಿಸುವುದಿಲ್ಲ. ಕಂಡ ಮೇಲೆ ಸುಮ್ಮನೆ ಕೂರುವುದೂ ಇಲ್ಲ.

ಬಾವಿಯಿಂದ ನೀರಿನ ಪ್ರಶ್ನೆಗೆ

ಸ್ವಾತಂತ್ರ್ಯದ ನಂತರದ ಐಕಫ್ ಚರಿತ್ರೆಯಲ್ಲಿ ಎದ್ದುಕಾಣುವ ಹೆಸರು ಗುರು ಪಿಯೆರ್ ಸೆರಾಕ್ ಅವರದ್ದು. 1914ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ 1937ರಲ್ಲಿ ಭಾರತಕ್ಕೆ ಬಂದ ಯೇಸುಸಭೆಯ ಈ ಗುರುಗಳು 1952ರಿಂದ 1967ರವರೆಗೆ ಒಕ್ಕೂಟದ ರಾಷ್ಟ್ರೀಯ ಮಾರ್ಗದರ್ಶಕರಾಗಿದ್ದರು. ಹದಿನೈದು ವರ್ಷವೆಂದರೆ ಪದವಿ ವಿದ್ಯಾರ್ಥಿಗಳ ಐದು ತಲೆಮಾರು. ಪಂಚವಾರ್ಷಿಕ ಯೋಜನೆಗಳ, ಶ್ರಮದಾನದ ಕಾಲವದು. ಪೇಟೆಯ ಕಾಲೇಜಿನ ಮಕ್ಕಳನ್ನು ಹಳ್ಳಿಗಳಿಗೆ, ಕುಷ್ಠರೋಗಿಗಳ ನೆಲೆಗಳಿಗೆ ಕರೆದೊಯ್ದು ಅವರ ಕೈಗೆ ಹಾರೆ ಗುದ್ದಲಿ ಕೊಟ್ಟದ್ದು ಆ ಕಾಲದ ದೊಡ್ಡ ಬದಲಾವಣೆ. ರಾಷ್ಟ್ರೀಯ ಹೊಣೆಯಿಂದ ಇಳಿದ 1967ರಲ್ಲಿಯೇ ಸೆರಾಕ್ ಬರಪೀಡಿತ ತಮಿಳುನಾಡಿನಲ್ಲಿ ಸಾವಿರ ಬಾವಿ ತೋಡುವ ಕಾರ್ಯವನ್ನು ಕೈಗೆತ್ತಿಕೊಂಡರು. 2012ರಲ್ಲಿ ಚೆನ್ನೈನಲ್ಲಿ ನಿಧನರಾದರು.

ಬಾವಿ ತೋಡುವುದು ಪುಣ್ಯಕಾರ್ಯವೆಂಬುದನ್ನು ನಮ್ಮ ನಾಡಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ ಶಾಸನಗಳು ಊರೂರಿನಲ್ಲಿವೆ. ಆದರೆ ಹಳ್ಳಿಗೆ ಹೋದ ವಿದ್ಯಾರ್ಥಿ ಅಲ್ಲಿ ಎರಡು ದಿನ ಹೆಚ್ಚಿಗೆ ಉಳಿದರೆ ಇನ್ನೊಂದು ಪ್ರಶ್ನೆ ಅವನನ್ನು ಹಿಡಿಯುತ್ತದೆ. ಬಾವಿಯೇನೋ ಆಯಿತು, ಅದರಿಂದ ನೀರು ಸೇದುವ ಹಕ್ಕು ಯಾರಿಗಿದೆ? ಬಾವಿ ಇರುವ ಜಮೀನು ಯಾರದು? ಆ ನೀರಿನಿಂದ ಬೆಳೆದ ಬೆಳೆಯಲ್ಲಿ ಹಾರೆ ಹಿಡಿದವನ ಪಾಲೆಷ್ಟು? 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಾಗ ಕೇಳಿದ್ದು ಈ ಪ್ರಶ್ನೆಯನ್ನೇ. ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಯಕೋಬನ ಬಾವಿಯ ಬಳಿ ಯೇಸು ನೀರು ಕೇಳುವುದು, ಯಾರ ಪಾತ್ರೆಯನ್ನು ಯೆಹೂದ್ಯರು ಮುಟ್ಟುತ್ತಿರಲಿಲ್ಲವೋ ಆ ಸಮಾರಿಯದ ಹೆಂಗಸಿನ ಬಳಿ. ಅಲ್ಲಿ ನೀರು ಕೊಡುವುದಕ್ಕೆ ಮೊದಲು ನೀರು ಬೇಡುವುದಿದೆ. ಉಪಕಾರ ಮಾಡಲು ಹೋದವನು ಮೊದಲು ಕೈಯೊಡ್ಡಿ ನಿಲ್ಲಬೇಕಾಗುತ್ತದೆ.

ವಿದ್ಯಾರ್ಥಿ ಚಳವಳಿಯ ನಿಜವಾದ ತಿರುವು ಇದು. ಎಪ್ಪತ್ತರ ದಶಕದ ಹೊತ್ತಿಗೆ ಐಕಫ್ ತನ್ನ ಗುರಿಯನ್ನು ಹೊಸದಾಗಿ ಹೇಳಿಕೊಂಡಿತು. ಮದ್ರಾಸಿನ ಬಳಿಯ ಪೂನಮಲ್ಲಿಯ ಹೆಸರಿನಿಂದ ಪ್ರಸಿದ್ಧವಾದ ಅದರ ಘೋಷಣೆಯ ತಿರುಳು ಇಷ್ಟು: ನಾವು ಹುಟ್ಟಿದ ಸಮಾಜ ಅನ್ಯಾಯದ್ದು, ಅದನ್ನು ಇದ್ದಂತೆಯೇ ಬಿಟ್ಟು ಹೋಗುವುದಿಲ್ಲ ಎಂಬುದು ನಮ್ಮ ಸಂಕಲ್ಪ. ಬಡತನವು ಒಂದು ಕೊರತೆಯೆಂದು ತಿಳಿದವರು ಅದನ್ನು ತುಂಬಲು ಹೊರಡುತ್ತಾರೆ. ಬಡತನವು ಮಾಡಿದ ಅನ್ಯಾಯವೆಂದು ತಿಳಿದವರು ಮಾಡಿದವರು ಯಾರೆಂದು ಕೇಳುತ್ತಾರೆ. ಹಾರೆ ಹಿಡಿದ ವಿದ್ಯಾರ್ಥಿಯನ್ನು ಎಲ್ಲರೂ ಹೊಗಳಿದರು. ಈ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ಹೊಗಳಿದವರು ಕಡಿಮೆ.

ಬೆಂಗಳೂರಿನ ದಶಕಗಳು

ಈ ತಿರುವಿಗೆ ಬೌದ್ಧಿಕ ಬಲ ಒದಗಿಸಿದ ಊರುಗಳಲ್ಲಿ ಬೆಂಗಳೂರು ಮುಖ್ಯವಾದದ್ದು. 1957ರಲ್ಲಿ ಪಿ.ಡಿ. ದೇವನಂದನ್ ಅವರ ನೇತೃತ್ವದಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು ಇಲ್ಲಿ ಆರಂಭವಾಯಿತು. 1962ರಲ್ಲಿ ದೇವನಂದನ್ ತೀರಿಕೊಂಡ ಮೇಲೆ ಎಂ.ಎಂ. ಥಾಮಸ್ ಅದರ ನಿರ್ದೇಶಕರಾದರು. ಅವರು ವಿದ್ಯಾರ್ಥಿ ಚಳವಳಿಯಿಂದಲೇ ಬಂದವರು. ಸ್ವಾತಂತ್ರ್ಯ ಬಂದ ವರ್ಷದಿಂದ ಕೆಲವು ಕಾಲ ಜಿನೀವಾದಲ್ಲಿ ವಿಶ್ವ ಒಕ್ಕೂಟದ ಕಾರ್ಯದರ್ಶಿಗಳಲ್ಲೊಬ್ಬರಾಗಿದ್ದವರು. 1969ರ ಮೇ ತಿಂಗಳಲ್ಲಿ ಭಾರತದ ಕಥೋಲಿಕ ಧರ್ಮಸಭೆಯ ರಾಷ್ಟ್ರೀಯ ವಿಚಾರಗೋಷ್ಠಿ ಬೆಂಗಳೂರಿನ ಧರ್ಮಾರಾಮ್ ಕಾಲೇಜಿನಲ್ಲಿ ನಡೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬೋಧನೆಯನ್ನು ಈ ನೆಲಕ್ಕೆ ತರುವುದು ಅದರ ಕೆಲಸವಾಗಿತ್ತು. 1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಿನೊಡ್, ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶ ಸಾರುವ ಕೆಲಸದ ಒಳಗಿನ ಅಂಗವೇ ಹೊರತು ಹೊರಗಿನ ಅಲಂಕಾರವಲ್ಲ ಎಂದು ಸ್ಪಷ್ಟಪಡಿಸಿತು. 1978ರಲ್ಲಿ ಭಾರತದ ಧರ್ಮಾಧ್ಯಕ್ಷರು ಮಂಗಳೂರಿನಲ್ಲಿ ಸಭೆ ಸೇರಿದಾಗ ದೇಶದ ತುರ್ತು ಅಗತ್ಯಗಳಿಗೆ ಧರ್ಮಸಭೆಯ ಸ್ಪಂದನವೇ ಚರ್ಚೆಯ ವಿಷಯವಾಯಿತು.

ಇದೇ ಕಾಲದಲ್ಲಿ ಕನ್ನಡನಾಡಿನ ಕಾಲೇಜುಗಳು ಹೊತ್ತಿ ಉರಿಯುತ್ತಿದ್ದವು. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತು ಬೂಸಾ ಚಳವಳಿಯಾಗಿ ಸ್ಫೋಟಿಸಿತು. ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ನೋವಿನಿಂದ ದಲಿತ ಸಂಘರ್ಷ ಸಮಿತಿ ಮೈದಳೆಯಿತು, ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಅವರಂಥವರ ದನಿ ಕೇಳಿಸಿತು. ಇದು ಕ್ರೈಸ್ತ ಚಳವಳಿಯಲ್ಲ. ಆದರೆ ಅದು ಎತ್ತಿದ ಪ್ರಶ್ನೆ ಕ್ರೈಸ್ತರ ಮನೆಬಾಗಿಲಿಗೂ ಬಂತು. 1950ರ ರಾಷ್ಟ್ರಪತಿಗಳ ಆದೇಶವು ಕ್ರೈಸ್ತ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತ್ತು. ಸರ್ಕಾರದ ಮುಂದೆ ಸಮಾನತೆ ಕೇಳುವ ಧರ್ಮಸಭೆ ತನ್ನ ಪೀಠಗಳ ಸಾಲಿನಲ್ಲಿ, ಸ್ಮಶಾನದಲ್ಲಿ, ಮದುವೆಯ ಮಾತುಕತೆಯಲ್ಲಿ ಸಮಾನತೆ ಕೊಟ್ಟಿದೆಯೇ ಎಂದು ಕೇಳುವವರು ಎದ್ದರು. 1981ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಕೇರಿ ಸೊಸೈಟಿಯಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರವನ್ನು ಕುರಿತು ಉಪನ್ಯಾಸ ಮಾಡಿದರು. ದಲಿತ ದೈವಶಾಸ್ತ್ರದ ಉಗಮವನ್ನು ಈಗ ಹಲವರು ಗುರುತಿಸುವುದು ಆ ಉಪನ್ಯಾಸದಲ್ಲಿಯೇ. ದೇಶವಿದೇಶಗಳಲ್ಲಿ ಇಂದು ಪಠ್ಯವಾಗಿರುವ ಒಂದು ಚಿಂತನಧಾರೆ ಗುರುಅಭ್ಯರ್ಥಿಗಳಂಥ ಕೇಳುಗರ ಮುಂದೆ ಮೊದಲು ಬಾಯಿಬಿಟ್ಟಿತೆಂಬುದನ್ನು ನಮ್ಮ ಓದುಗರು ಗಮನಿಸಬೇಕು.

ಇದೇ ಬೆಂಗಳೂರಿನಲ್ಲಿ, ಬೆನ್ಸನ್ ಟೌನಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ, 1975ರಿಂದ 1986ರವರೆಗೆ ನಿರ್ದೇಶಕರಾಗಿದ್ದವರು ಗುರು ಸ್ಟ್ಯಾನ್ ಸ್ವಾಮಿ. ಈ ಸಂಸ್ಥೆಯ ಪರಂಪರೆಯ ಮೂಲದಲ್ಲಿ ಮಂಗಳೂರಿನವರೂ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದ ಗುರು ಜೆರೋಮ್ ಡಿಸೋಜ ಇದ್ದಾರೆ. ಸಾಮಾಜಿಕ ಕಾರ್ಯಕ್ಕೆ ಹೊರಟ ಯುವಜನರಿಗೆ ಇಲ್ಲಿ ತರಬೇತಿ ದೊರೆಯುತ್ತಿತ್ತು. ಮುಂದೆ ಸ್ಟ್ಯಾನ್ ಸ್ವಾಮಿ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿದರು. 2020ರ ಅಕ್ಟೋಬರ್ 8ರಂದು, 83ರ ವಯಸ್ಸಿನಲ್ಲಿ, ಬಂಧಿತರಾದರು. 2021ರ ಜುಲೈ 5ರಂದು, ವಿಚಾರಣಾಧೀನ ಬಂದಿಯಾಗಿದ್ದಾಗಲೇ, ಮುಂಬಯಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ವಿದ್ಯಾರ್ಥಿಗಳಿಗೆ 'ಕಾಣು' ಎಂದು ಕಲಿಸುವವನು ತಾನು ಕಂಡದ್ದಕ್ಕೆ ಎಂಥ ಬೆಲೆ ತೆರಬೇಕಾಗಬಹುದು ಎಂಬುದಕ್ಕೆ ನಮ್ಮ ಕಾಲದ ಸಾಕ್ಷಿ ಅವರು.

ಬಾಗಿಲಾಚೆ ಉಳಿದ ಇಬ್ಬರು

ಈ ಚರಿತ್ರೆಯನ್ನು ಯಶಸ್ಸಿನ ಕಥೆಯಾಗಿ ಮಾತ್ರ ಹೇಳಿದರೆ ಅರ್ಧ ಸತ್ಯವಾದೀತು. ಧರ್ಮಸಭೆಗೆ ತನ್ನ ಯುವಜನರನ್ನು ಹಿಡಿದಿಟ್ಟುಕೊಳ್ಳಲು ಆಗದ ಸಂದರ್ಭಗಳೂ ಇವೆ. ಎರಡು ಬದುಕುಗಳನ್ನು ನೋಡೋಣ.

ಎಂ.ಎಂ. ಥಾಮಸ್ ಯುವಕರಾಗಿದ್ದಾಗ ಏಕಕಾಲಕ್ಕೆ ಎರಡು ಬಾಗಿಲು ತಟ್ಟಿದರು: ಮಾರ್ತೋಮ ಸಭೆಯಲ್ಲಿ ಗುರುದೀಕ್ಷೆ ಕೇಳಿದರು, ಕಮ್ಯುನಿಸ್ಟ್ ಪಕ್ಷದಲ್ಲಿ ಸದಸ್ಯತ್ವ ಕೇಳಿದರು. ಮಾರ್ಕ್ಸ್‌ನ ಒಲವು ಹೆಚ್ಚೆಂದು ಸಭೆ ಒಪ್ಪಲಿಲ್ಲ. ಕ್ರಿಸ್ತನ ಮೇಲಿನ ವಿಶ್ವಾಸ ಹೆಚ್ಚೆಂದು ಪಕ್ಷ ಒಪ್ಪಲಿಲ್ಲ. ಎರಡೂ ಕಡೆ ಸಲ್ಲದ ಆ ಮನುಷ್ಯ ಮುಂದೆ 1968ರಿಂದ 1975ರವರೆಗೆ ಸಭೆಗಳ ವಿಶ್ವ ಮಂಡಲಿಯ ಕೇಂದ್ರ ಸಮಿತಿಯ ಅಧ್ಯಕ್ಷರಾದರು. ತುರ್ತು ಪರಿಸ್ಥಿತಿಯಲ್ಲಿ ಅನೇಕರು ಮೌನವಾಗಿದ್ದಾಗ ಅದನ್ನು ವಿರೋಧಿಸಿ ಬರೆದರು.

ಇನ್ನೊಬ್ಬರು 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಹದಿನಾರನೆಯ ವಯಸ್ಸಿನಲ್ಲಿ ಅವರು ಬೆಂಗಳೂರಿನ ಗುರುಮಠ ಸೇರಿದರು. ಎರಡು ವರ್ಷಗಳಲ್ಲಿ ಹೊರಬಂದರು. ಹಿರಿಯರಿಗೂ ವಿದ್ಯಾರ್ಥಿಗಳಿಗೂ ಊಟದಲ್ಲಿ, ಆಸನದಲ್ಲಿ ಇದ್ದ ಭೇದ ತಮ್ಮನ್ನು ನೋಯಿಸಿತೆಂದು ಅವರೇ ಮುಂದೆ ಹೇಳಿದ್ದಾರೆ. ಅಲ್ಲಿಂದ ಮುಂಬಯಿಯ ಬೀದಿ, ಕಾರ್ಮಿಕ ಸಂಘ, 1974ರ ರೈಲ್ವೆ ಮುಷ್ಕರ, ಸೆರೆಮನೆ, ಮಂತ್ರಿಪದವಿ. ಅವರ ರಾಜಕೀಯದ ಬಗ್ಗೆ ಯಾರು ಏನೇ ಹೇಳಲಿ, ನಮಗೆ ಸಂಬಂಧಿಸಿದ ಮಾತು ಒಂದೇ. ಆ ತರುಣನ ನ್ಯಾಯಪ್ರಜ್ಞೆ ಮೊದಲು ಎಚ್ಚರಗೊಂಡದ್ದು ದೂರದ ಕಾರ್ಖಾನೆಯಲ್ಲಲ್ಲ, ನಮ್ಮ ಊಟದ ಮನೆಯಲ್ಲಿ. ಯಾಕೋಬರ ಪತ್ರದ ಎರಡನೆಯ ಅಧ್ಯಾಯವು ಶ್ರೀಮಂತನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲಬಳಿಯ ನೆಲ ಎಂಬ ಭೇದವನ್ನು ಖಂಡಿಸುವುದೂ ಒಂದು ಸಭಾಮನೆಯ ಒಳಗಿನ ಸಂಗತಿಯಾಗಿಯೇ. ಯುವಜನರು ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಓದುವ ಮುನ್ನ ನಮ್ಮ ಅಡಿಗೆಯವರಿಗೆ, ತೋಟದವರಿಗೆ, ಹಂಗಾಮಿ ಉಪನ್ಯಾಸಕರಿಗೆ ನಾವು ಕೊಡುವ ಸಂಬಳವನ್ನು ಓದುತ್ತಾರೆ.

ಒಂದು ಆಕ್ಷೇಪ

ನ್ಯಾಯದ ಮಾತು ಹೆಚ್ಚಾದಂತೆ ವಿಶ್ವಾಸ ತೆಳುವಾಯಿತು, ಪ್ರಾರ್ಥನಾಕೂಟವಾಗಿದ್ದ ಸಂಘ ರಾಜಕೀಯ ಕೂಟವಾಯಿತು, ಅದರಿಂದಲೇ ಸದಸ್ಯರು ಚದುರಿದರು ಎಂಬ ಆಕ್ಷೇಪವನ್ನು ನಮ್ಮ ತರಗತಿಗಳಲ್ಲಿಯೂ ಗುರುಗಳ ಕೂಟಗಳಲ್ಲಿಯೂ ಕೇಳುತ್ತೇವೆ. ಇದನ್ನು ತಳ್ಳಿಹಾಕಬಾರದು. ಕಾರ್ಡಿನ್ನರ ಮೂರು ಹೆಜ್ಜೆಗಳಲ್ಲಿ ನಡುವಿನದನ್ನು ಬಿಟ್ಟು ಮೊದಲನೆಯದರಿಂದ ಮೂರನೆಯದಕ್ಕೆ ಹಾರಿದ ಗುಂಪುಗಳು ಬೇಗ ದಣಿದದ್ದು ಸಹಜ. ಕೋಪ ಒಳ್ಳೆಯ ಕಿಡಿ. ಒಲೆ ಉರಿಯಲು ಅದೊಂದೇ ಸಾಲದು.

ಆದರೆ ನಡುವಿನ ಹೆಜ್ಜೆ ತಪ್ಪಿದ್ದು ಯಾರ ಕೈಯಿಂದ? ಶುಭಸಂದೇಶದ ಬೆಳಕಿನಲ್ಲಿ ಕೂಲಿಯ ಲೆಕ್ಕವನ್ನು ಓದುವುದನ್ನು ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ತಾನಾಗಿ ಕಲಿಯಲಾರ. ಆಮೋಸನನ್ನು, ನಜರೇತಿನ ಸಭಾಮಂದಿರದಲ್ಲಿ ಯೇಸು ಓದಿದ ಯೆಶಾಯನ ಭಾಗವನ್ನು, ಅಂತಿಮ ತೀರ್ಪಿನ ಸಾಮತಿಯನ್ನು ಅವನ ಅನುಭವದ ಪಕ್ಕದಲ್ಲಿಟ್ಟು ಓದಿಸಬಲ್ಲವರು ಬೇಕು. ಆ ಕೆಲಸಕ್ಕೆಂದೇ ದೈವಶಾಸ್ತ್ರ ಕಲಿತವರು ನಾವು. ಎಷ್ಟೋ ಬಾರಿ ಸಂಘದ ಮಾರ್ಗದರ್ಶಕ ಹುದ್ದೆ ಕಾಲೇಜಿನ ಹತ್ತು ಹೊಣೆಗಳ ನಡುವೆ ಹನ್ನೊಂದನೆಯದಾಗಿ ಯಾರೋ ಒಬ್ಬ ಗುರುವಿನ ಹೆಗಲೇರುತ್ತದೆ. ವರ್ಷ ತಿರುಗುವುದರೊಳಗೆ ಅವರಿಗೆ ವರ್ಗವಾಗುತ್ತದೆ. ವಿದ್ಯಾರ್ಥಿಯೂ ಹೋದ, ಗುರುವೂ ಹೋದರು. ಉಳಿದದ್ದು ಹೆಸರುಫಲಕ.

ಮೇಲಿನ ಚರಿತ್ರೆಯಲ್ಲಿ ಫಲ ಕಂಡ ಜಾಗಗಳನ್ನು ಗಮನಿಸಿ: ಸೆರಾಕ್ ಹದಿನೈದು ವರ್ಷ, ಸ್ಟ್ಯಾನ್ ಸ್ವಾಮಿ ಹನ್ನೊಂದು ವರ್ಷ, ಥಾಮಸ್ ಸಂಸ್ಥೆಯ ನಿರ್ದೇಶಕರಾಗಿ ಹದಿಮೂರು ವರ್ಷ. ಪ್ರತಿಭೆಗಿಂತ ಮಿಗಿಲಾಗಿ ಅವರು ಕೊಟ್ಟದ್ದು ಅವಧಿ. ಮೂರು ವರ್ಷದ ಪ್ರಯಾಣಿಕರಿಗೆ ಅವರು ಊರಿನ ಹಿರಿಯರಂತಿದ್ದರು. ಹಿಂದಿನವರು ಎಲ್ಲಿ ಎಡವಿದರು, ಯಾವ ಹಳ್ಳಿಯವರು ಯಾವ ಮಾತಿಗೆ ನೊಂದರು, ಯಾವ ಪ್ರಶ್ನೆ ಅರ್ಧಕ್ಕೆ ನಿಂತಿತು ಎಂಬುದನ್ನು ಅವರು ನೆನಪಿಟ್ಟಿರಬಲ್ಲವರಾಗಿದ್ದರು. ಚಳವಳಿ ಅವರ ಸ್ವತ್ತಾಗಿರಲಿಲ್ಲ. ಅದರ ನೆನಪು ಮಾತ್ರ ಅವರ ಬಳಿ ಠೇವಣಿಯಾಗಿತ್ತು.

ಮಲೆನಾಡಿನ ಎದುರು

ಈ ಪಾಠ ಮಹಾನಗರಗಳಿಗಷ್ಟೇ ಸಲ್ಲುವುದೆಂದು ಯಾರೂ ಭಾವಿಸಬೇಕಿಲ್ಲ. ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳನ್ನು ತೆಗೆದುಕೊಳ್ಳೋಣ. ಹೆಗ್ಗದ್ದೆಯಂಥ ಊರುಗಳ ಸುತ್ತ ಕಾಫಿ, ಮೆಣಸು, ಏಲಕ್ಕಿಯ ತೋಟಗಳು, ಗದ್ದೆ ಬಯಲು, ಲೈನು ಮನೆಗಳು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಡಿಸಿ ಬಯಲುಸೀಮೆಯ, ಕರಾವಳಿಯ ಚಿತ್ರವನ್ನೇ ಬದಲಿಸಿತು. ಆದರೆ ಭೂಮಿತಿಯಿಂದ ಕಾಫಿ ತೋಟಗಳಿಗೆ ವಿನಾಯಿತಿ ಇತ್ತು. ತೋಟದ ಕಾರ್ಮಿಕರಿಗಾಗಿ ಬಂದದ್ದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ. ವಸತಿ, ಕುಡಿಯುವ ನೀರು, ಚಿಕಿತ್ಸೆ, ಶಿಶುಗೃಹ ಇವನ್ನು ಅದು ಮಾಲೀಕರ ಹೊಣೆಯಾಗಿಸಿತು. 1981ರ ತಿದ್ದುಪಡಿಯ ನಂತರ ಅದು ಅನ್ವಯವಾದದ್ದು 5 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತಾರವಿದ್ದು, 15 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ. ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಹಾಗಾದರೆ ಸಣ್ಣ ತೋಟದಲ್ಲಿ ಹಣ್ಣು ಕುಯ್ಯುವ ಹೆಂಗಸಿಗೆ ಯಾವ ಕಾಯಿದೆಯ ಆಸರೆ? ಬೆಲೆ ಕುಸಿದಾಗ, ಆನೆ ನುಗ್ಗಿದಾಗ ಸಣ್ಣ ಬೆಳೆಗಾರನೂ ಸಂಕಟದಲ್ಲಿರುವಾಗ ನ್ಯಾಯವೆಂದರೆ ಏನು? ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಬಂದ ಕೂಲಿಯವರ ಮಕ್ಕಳು ಯಾವ ಭಾಷೆಯಲ್ಲಿ, ಯಾವ ಶಾಲೆಯಲ್ಲಿ ಓದುತ್ತಾರೆ?

ಇವಕ್ಕೆ ಸಿದ್ಧ ಉತ್ತರಗಳಿಲ್ಲ. 'ಮಾಲೀಕ ಕೆಟ್ಟವನು, ಕೂಲಿ ಒಳ್ಳೆಯವನು' ಎಂಬ ಘೋಷಣೆಯೂ ಇಲ್ಲಿ ಸಾಲದು. ಒಂದೇ ಪೂಜೆಯಲ್ಲಿ ಇಬ್ಬರೂ ಪರಮಪ್ರಸಾದ ಸ್ವೀಕರಿಸುವ ಧರ್ಮಕೇಂದ್ರಗಳಿವೆ. ಆದ್ದರಿಂದಲೇ ಕಾಣುವ ಮತ್ತು ವಿವೇಚಿಸುವ ಹೆಜ್ಜೆಗಳಿಗೆ ಇಲ್ಲಿ ಹೆಚ್ಚು ತೂಕ. ಲೈನು ಮನೆಯಲ್ಲಿ ಬೆಳೆದು ಪಟ್ಟಣದ ಪದವಿ ಕಾಲೇಜಿಗೆ ಬಸ್ಸು ಹತ್ತುವ ಹುಡುಗಿಗೆ ಈ ಪ್ರಶ್ನೆಗಳು ಪುಸ್ತಕದವಲ್ಲ. ಹಿಂದಿನ ಕಾಲದಲ್ಲಿ ಪೇಟೆಯ ವಿದ್ಯಾರ್ಥಿ ಹಳ್ಳಿಗೆ ಹೋಗಿ ಬಡತನವನ್ನು ಕಾಣಬೇಕಿತ್ತು. ಇಂದು ಕಾಣಬೇಕಾದದ್ದನ್ನು ಮೈಮೇಲೆ ಹೊತ್ತ ವಿದ್ಯಾರ್ಥಿಗಳೇ ಕಾಲೇಜಿಗೆ ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಕ್ರೈಸ್ತ ಕಾಲೇಜುಗಳಲ್ಲಿಲ್ಲ, ಸರ್ಕಾರಿ ಕಾಲೇಜುಗಳಲ್ಲಿದ್ದಾರೆ. ನಮ್ಮ ಆವರಣದೊಳಗೆ ಕಾಯುತ್ತ ಕುಳಿತರೆ ಅವರು ಸಿಗುವುದಿಲ್ಲ. ಅವರು ಕ್ರೈಸ್ತರಾಗಿಯೇ ಇರಬೇಕೆಂದೂ ಇಲ್ಲ. ಬಾವಿಯ ಬಳಿ ಯೇಸು ಮಾತಾಡಿಸಿದವಳು ತನ್ನ ಮತದವಳಾಗಿರಲಿಲ್ಲ.

ಉಪಸಂಹಾರ

ನೂರು ವರ್ಷಗಳ ಈ ದಾರಿಯಲ್ಲಿ ವಿದ್ಯಾರ್ಥಿಗಳು ತಮ್ಮ ವಿಶ್ವಾಸವನ್ನು ಕಾಪಾಡಿಕೊಳ್ಳಲು ಸೇರಿದರು, ಸೇವೆಗಾಗಿ ಹೊರಟರು, ಸೇವೆಯ ನಡುವೆ ಅನ್ಯಾಯವನ್ನು ಕಂಡರು, ಕಂಡದ್ದನ್ನು ಧರ್ಮಸಭೆಯ ಮುಂದೆ ಪ್ರಶ್ನೆಯಾಗಿ ಇಟ್ಟರು. ಪ್ರತಿ ಹೆಜ್ಜೆಯೂ ಹಿಂದಿನದನ್ನು ರದ್ದುಮಾಡಲಿಲ್ಲ, ಅದರ ಒಳಗಿನಿಂದಲೇ ಮೂಡಿತು. ಹಾಗಾಗಿ ಪ್ರಾರ್ಥನೆಗೆ ಮರಳಿ ಎನ್ನುವವರೂ ಹೋರಾಟಕ್ಕಿಳಿಯಿರಿ ಎನ್ನುವವರೂ ಒಂದೇ ಚರಿತ್ರೆಯ ಎರಡು ಪುಟಗಳನ್ನು ಹರಿದು ಹಿಡಿದಿದ್ದಾರೆ.

ಗುರುವಿನ ಹೊಣೆ ಆ ಪುಟಗಳನ್ನು ಸೇರಿಸಿ ಹೊಲಿದಿಡುವುದು. ಚಳವಳಿಯನ್ನು ನಡೆಸುವವರು ವಿದ್ಯಾರ್ಥಿಗಳು. ಅವರ ಬದಲಾಗಿ ನಾವು ಮಾತಾಡುವುದು ಸಲ್ಲ. ಅವರು ಪೆಟ್ಟು ತಿಂದಾಗ ದೂರ ನಿಲ್ಲುವುದೂ ಸಲ್ಲ. ಹೊಸದಾಗಿ ನಿಯುಕ್ತನಾದ ಸಹಾಯಕ ಗುರು ತನ್ನ ಊರಿನ ಕಾಲೇಜಿನ ಐದು ಜನ ವಿದ್ಯಾರ್ಥಿಗಳನ್ನು ತಿಂಗಳಿಗೊಮ್ಮೆ ಕೂರಿಸಿ, ಅವರು ಕಂಡದ್ದನ್ನು ಕೇಳಿ, ಶುಭಸಂದೇಶವನ್ನು ಜೊತೆಗೆ ಓದಿ, ನಡೆದದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ವರ್ಗವಾಗುವ ದಿನ ಜ್ಞಾನಸ್ನಾನದ ಪುಸ್ತಕದ ಜೊತೆಯಲ್ಲಿ ಆ ನೋಟುಪುಸ್ತಕವನ್ನೂ ಮುಂದೆ ಬರುವವರ ಕೈಗೆ ಒಪ್ಪಿಸಲಿ.